ದೈನಂದಿನ ಖರ್ಚಿನಲ್ಲಿ ಮಿತವ್ಯಯ: ಗ್ರಾಹಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಬೆಂಗಳೂರಿನ ಹಳೆಯ ಬಡಾವಣೆಗಳಾದ ಚಾಮರಾಜಪೇಟೆ, ಬಸವನಗುಡಿ ಮತ್ತು ಮಲ್ಲೇಶ್ವರಗಳು 1890ರ ದಶಕದಲ್ಲಿ ರೂಪುಗೊಂಡವು. 1898ರ ಪ್ಲೇಗ್ ಪಿಡುಗಿನ ತರುವಾಯ ಪೇಟೆಯ ಇಕ್ಕಟ್ಟಾದ ಬೀದಿಗಳಿಂದ ಅನೇಕ ಕುಟುಂಬಗಳು ಈ ಬಡಾವಣೆಗಳಿಗೆ ಬಂದು ನೆಲೆಸಿದವು. ಸರ್ಕಾರಿ ನೌಕರರು, ಉಪಾಧ್ಯಾಯರು, ವಕೀಲರು, ಸಣ್ಣ ವರ್ತಕರು ಇಲ್ಲಿನ ನಿವಾಸಿಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿದ್ದರು. ತಿಂಗಳ ಸಂಬಳ, ನಿವೃತ್ತಿಯ ನಂತರ ಪಿಂಚಣಿ, ಇಷ್ಟರಲ್ಲಿಯೇ ಮಕ್ಕಳ ವಿದ್ಯಾಭ್ಯಾಸ ಹಾಗೂ ಮದುವೆಗಳನ್ನು ನಡೆಸಬೇಕಾಗಿದ್ದ ಈ ಕುಟುಂಬಗಳಲ್ಲಿ ಮಿತವ್ಯಯವು ಸಹಜವಾಗಿಯೇ ಬೇರೂರಿತು. ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು, ತಿಂಗಳ ಮೊದಲ ವಾರದಲ್ಲಿ ದಿನಸಿ ಪಟ್ಟಿ ಬರೆಯುವುದು, ಬೇಸಿಗೆಯಲ್ಲಿಯೇ ವರ್ಷಕ್ಕಾಗುವಷ್ಟು ಹಪ್ಪಳ ಸಂಡಿಗೆ ಮಾಡಿಟ್ಟುಕೊಳ್ಳುವುದು ಮುಂತಾದ ಪದ್ಧತಿಗಳನ್ನು ಈಗಲೂ ಕೆಲವು ಮನೆಗಳಲ್ಲಿ ಕಾಣಬಹುದಾಗಿದೆ.

ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳುವ ಗೃಹಿಣಿಯು ಸೊಪ್ಪಿನ ಕಟ್ಟನ್ನು ಕೈಯಲ್ಲಿ ತೂಗಿ ನೋಡುತ್ತಾರೆ, ನಾಲ್ಕು ಗಾಡಿಗಳ ದರವನ್ನು ವಿಚಾರಿಸುತ್ತಾರೆ, ಕೊನೆಗೆ ಕೊಸರು ಎಂದು ಒಂದೆಳೆ ಕರಿಬೇವನ್ನೂ ಕೇಳಿ ಪಡೆಯುತ್ತಾರೆ. ಆದರೆ ಅದೇ ಕುಟುಂಬವು ಆಭರಣದ ಮಜೂರಿ, ಕಂತಿನ ಸಾಲದ ಬಡ್ಡಿ, ಚೀಟಿಯ ಒಪ್ಪಂದ, ಠೇವಣಿಯ ಭದ್ರತೆ ಇವುಗಳ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಮಾಡುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಬೆಲೆಯು ಕಣ್ಣಿಗೆ ಕಾಣುವ ಕಡೆ ನಮ್ಮ ಜನರು ಜಾಗರೂಕರಾಗಿದ್ದಾರೆ. ಬೆಲೆಯು ಮರೆಯಾಗಿರುವ ಕಡೆಯೇ ಸಂಸಾರದ ಹಣ ಹೆಚ್ಚಾಗಿ ಸೋರಿಹೋಗುತ್ತಿದೆ. ಅಂತಹ ಮರೆಯಾದ ಬೆಲೆಗಳನ್ನು ಗುರುತಿಸುವುದು ಹೇಗೆ ಮತ್ತು ಈ ಸಂಬಂಧ ಕಾನೂನು ಯಾವ ಸೌಲಭ್ಯಗಳನ್ನು ಒದಗಿಸಿದೆ ಎಂಬುದನ್ನು ನಾಗರಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ತೂಕ, ಅಳತೆ ಮತ್ತು ಪೊಟ್ಟಣ

ಕಾನೂನು ಮಾಪನ ಶಾಸ್ತ್ರ ಅಧಿನಿಯಮ, 2009ರ ಅನ್ವಯ ವ್ಯಾಪಾರದಲ್ಲಿ ಬಳಸುವ ಪ್ರತಿಯೊಂದು ತೂಕ, ಅಳತೆ ಹಾಗೂ ತಕ್ಕಡಿಯನ್ನು ನಿಗದಿತ ಅವಧಿಗೊಮ್ಮೆ ಪರಿಶೀಲನೆಗೆ ಒಳಪಡಿಸಿ ಮುದ್ರೆ ಹಾಕಿಸತಕ್ಕದ್ದು. ಕಬ್ಬಿಣದ ಬಟ್ಟು ಮತ್ತು ಕೈತಕ್ಕಡಿಗಳಿಗೆ ಈ ಅವಧಿಯು 24 ತಿಂಗಳು, ವಿದ್ಯುನ್ಮಾನ ತಕ್ಕಡಿಗಳಿಗೆ 12 ತಿಂಗಳು. ಪರಿಶೀಲನಾ ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಗ್ರಾಹಕರಿಗೆ ಕಾಣುವಂತೆ ಪ್ರದರ್ಶಿಸಬೇಕು. ಅದನ್ನು ತೋರಿಸುವಂತೆ ಕೇಳಲು ಯಾವುದೇ ಗ್ರಾಹಕರು ಸಂಕೋಚಪಡಬೇಕಾಗಿಲ್ಲ. ತಕ್ಕಡಿಯ ಮೇಲೆ ಸಾಮಾನು ಇಡುವ ಮೊದಲು ಅಂಕಿಯು ಸೊನ್ನೆಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಸಿಹಿ ತಿಂಡಿ ಕೊಳ್ಳುವಾಗ ರಟ್ಟಿನ ಡಬ್ಬಿಯ ತೂಕವನ್ನು ಕಳೆದೇ ಬೆಲೆ ಹಾಕಬೇಕು. ಹಬ್ಬದ ದಿನಗಳ ನೂಕುನುಗ್ಗಲಿನಲ್ಲಿ ಇದನ್ನು ಗಮನಿಸುವವರು ಕಡಿಮೆ, ಮತ್ತು ಭಾರವಾದ ಡಬ್ಬಿಗಳು ಬಳಕೆಗೆ ಬರುವುದೂ ಆ ದಿನಗಳಲ್ಲಿಯೇ.

ಮೆಟ್ರಿಕ್ ಪದ್ಧತಿ ಜಾರಿಗೆ ಬಂದು ಆರು ದಶಕಗಳು ಕಳೆದಿದ್ದರೂ ಹೂವನ್ನು ಮೊಳದ ಲೆಕ್ಕದಲ್ಲಿ ಮಾರುವ ರೂಢಿ ಈ ಬಡಾವಣೆಗಳಲ್ಲಿ ಉಳಿದುಬಂದಿದೆ. ಮೊಳವು ಕಾನೂನು ಮಾನ್ಯ ಮಾಡಿದ ಅಳತೆಯಲ್ಲ. ಅದು ಮಾರುವವರ ಮೊಳಕೈಯ ಉದ್ದವೇ ಹೊರತು ಕೊಳ್ಳುವವರದಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಹಾಗೆಯೇ ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯಲ್ಲಿ ಕಾಯಿಯನ್ನು ಸೇರಿನಲ್ಲಿ ಅಳೆದು ಕೊಡುವುದುಂಟು. ಸೇರಿನ ಬಾಯಿಮಟ್ಟಕ್ಕೆ ಅಳೆದರೆ ಒಂದು ಲೆಕ್ಕ, ಮೇಲೆ ರಾಶಿ ಬರುವಂತೆ ಅಳೆದರೆ ಇನ್ನೊಂದು ಲೆಕ್ಕ. ಇಂತಹ ವ್ಯಾಪಾರದಲ್ಲಿ ಕೆಲವು ರೂಪಾಯಿಗಳು ಆಚೀಚೆ ಆಗುವುದು ಸಹಜ. ಹಳ್ಳಿಯಿಂದ ಮೂಟೆ ಹೊತ್ತು ತಂದು ರಸ್ತೆ ಬದಿಯಲ್ಲಿ ರಾತ್ರಿ ಕಳೆಯುವ ರೈತರೊಡನೆ ಈ ವಿಷಯಕ್ಕಾಗಿ ಜಗಳಕ್ಕೆ ನಿಲ್ಲುವುದರಿಂದ ಕುಟುಂಬದ ವಾರ್ಷಿಕ ಆಯವ್ಯಯದಲ್ಲಿ ಹೇಳಿಕೊಳ್ಳುವಂತಹ ಉಳಿತಾಯವೇನೂ ಆಗುವುದಿಲ್ಲ.

ಆದರೆ ಮುಚ್ಚಿದ ಪೊಟ್ಟಣಗಳ ವಿಷಯ ಬೇರೆ. ಹಿಂದೆ ಬಿಸ್ಕತ್ತು, ಚಹಾಪುಡಿ, ಅಡುಗೆ ಎಣ್ಣೆ, ಸೋಪು ಮುಂತಾದ ಕೆಲವು ಪದಾರ್ಥಗಳನ್ನು ನಿಗದಿತ ಪ್ರಮಾಣಗಳಲ್ಲಿ ಮಾತ್ರ ಪೊಟ್ಟಣ ಮಾಡಬೇಕೆಂಬ ನಿಯಮವಿತ್ತು. 2021ರಲ್ಲಿ ಹೊರಡಿಸಿದ ತಿದ್ದುಪಡಿಯ ಮೂಲಕ ಆ ನಿರ್ಬಂಧವನ್ನು ತೆಗೆದುಹಾಕಲಾಯಿತು. ತಯಾರಕರು ಈಗ ತಮಗೆ ಬೇಕಾದ ತೂಕದಲ್ಲಿ ಪೊಟ್ಟಣ ಮಾಡಬಹುದು. ಇದರ ಪರಿಣಾಮವಾಗಿ ಹತ್ತು ರೂಪಾಯಿಯ ಪೊಟ್ಟಣವು ಹತ್ತು ರೂಪಾಯಿಯದಾಗಿಯೇ ಉಳಿದು, ಒಳಗಿನ ಪದಾರ್ಥ ಮಾತ್ರ ಸದ್ದಿಲ್ಲದೆ ಕಡಿಮೆಯಾಗುವ ಸಂದರ್ಭಗಳು ಹೆಚ್ಚಾಗಿವೆ. ಇದಕ್ಕೆ ಪರಿಹಾರವಾಗಿ ಅದೇ ತಿದ್ದುಪಡಿಯಲ್ಲಿ ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಪ್ರತಿ ಗ್ರಾಂ ಅಥವಾ ಪ್ರತಿ ಕಿಲೋಗ್ರಾಂ, ಪ್ರತಿ ಮಿಲಿಲೀಟರ್ ಅಥವಾ ಪ್ರತಿ ಲೀಟರ್ ದರವನ್ನು ಪೊಟ್ಟಣದ ಮೇಲೆ ಮುದ್ರಿಸುವ ವ್ಯವಸ್ಥೆಯನ್ನು ತರಲಾಗಿದೆ. ಅಕ್ಷರಗಳು ಸಣ್ಣವಾಗಿರುವುದರಿಂದ ಹೆಚ್ಚಿನವರು ಇದನ್ನು ಓದುವುದಿಲ್ಲ. ಎರಡು ಬ್ರಾಂಡುಗಳನ್ನು ಅಥವಾ ಒಂದೇ ಬ್ರಾಂಡಿನ ದೊಡ್ಡ ಮತ್ತು ಸಣ್ಣ ಪೊಟ್ಟಣಗಳನ್ನು ಹೋಲಿಸಲು ಈ ದರವೊಂದೇ ಸಾಕು. ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗ ಎಂಬ ನಂಬಿಕೆಯು ಎಲ್ಲ ಸಂದರ್ಭಗಳಲ್ಲೂ ನಿಜವಾಗುವುದಿಲ್ಲ ಎಂಬುದೂ ಇದರಿಂದ ತಿಳಿದುಬರುತ್ತದೆ.

ಹಾಲಿನ ಉದಾಹರಣೆಯಿಂದ ಈ ಅಂಶ ಇನ್ನೂ ಸ್ಪಷ್ಟವಾಗುತ್ತದೆ. 2024ರ ಜೂನ್ ತಿಂಗಳಲ್ಲಿ ಕರ್ನಾಟಕ ಹಾಲು ಮಹಾಮಂಡಳವು ನಂದಿನಿ ಹಾಲಿನ ಒಂದು ಲೀಟರ್ ಪೊಟ್ಟಣವನ್ನು 1,050 ಮಿಲಿಲೀಟರಿಗೆ ಏರಿಸಿ ಬೆಲೆಯನ್ನು 2 ರೂಪಾಯಿ ಹೆಚ್ಚಿಸಿತು. ನೀಲಿ ಪೊಟ್ಟಣದ ಬೆಲೆ 42 ರೂಪಾಯಿಯಿಂದ 44 ರೂಪಾಯಿಯಾಯಿತು. ಲೀಟರಿನ ಲೆಕ್ಕದಲ್ಲಿ ನೋಡಿದರೆ ಇದು 41 ರೂಪಾಯಿ 90 ಪೈಸೆ, ಅಂದರೆ ದರದಲ್ಲಿ ಏರಿಕೆ ಇಲ್ಲ. ಆದರೆ ದಿನಕ್ಕೆ ಒಂದು ಪೊಟ್ಟಣ ಮಾತ್ರ ಸಾಕಾಗಿದ್ದ ಮನೆಯಿಂದ ತಿಂಗಳಿಗೆ 60 ರೂಪಾಯಿ ಹೆಚ್ಚಾಗಿ ಹೊರಹೋಯಿತು. 2025ರ ಏಪ್ರಿಲ್ 1ರಿಂದ ಹೆಚ್ಚುವರಿ 50 ಮಿಲಿಲೀಟರನ್ನು ಹಿಂಪಡೆದು ಲೀಟರಿಗೆ 4 ರೂಪಾಯಿ ಏರಿಸಿದಾಗ ಅದೇ ಪೊಟ್ಟಣ 46 ರೂಪಾಯಿಯಾಯಿತು. ಪೊಟ್ಟಣದಿಂದ ಪೊಟ್ಟಣಕ್ಕೆ ಹೋಲಿಸಿದವರಿಗೆ 2 ರೂಪಾಯಿಯ ಏರಿಕೆ ಕಂಡಿತು, ಲೀಟರಿನಿಂದ ಲೀಟರಿಗೆ ಹೋಲಿಸಿದವರಿಗೆ 4 ರೂಪಾಯಿ ಕಂಡಿತು. ಆದುದರಿಂದ ಪ್ರತಿಯೊಂದು ಪದಾರ್ಥಕ್ಕೂ ಎರಡು ಲೆಕ್ಕಗಳು ಬೇಕು: ಅಳತೆಗೆ ಬಿದ್ದ ದರವೆಷ್ಟು, ಮತ್ತು ವರ್ಷಕ್ಕೆ ಅದು ಎಷ್ಟು ಬಾರಿ ಮನೆಗೆ ಬರುತ್ತದೆ. ದಿನಕ್ಕೆ 2 ರೂಪಾಯಿ ವ್ಯತ್ಯಾಸವು ವರ್ಷಕ್ಕೆ 730 ರೂಪಾಯಿಯಾಗುತ್ತದೆ.

ಚಿನ್ನಾಭರಣ

2023ರ ಏಪ್ರಿಲ್ 1ರಿಂದ ಆರು ಅಕ್ಷರ ಮತ್ತು ಅಂಕಿಗಳ ವಿಶಿಷ್ಟ ಗುರುತಿನ ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಆಭರಣಗಳನ್ನು ಮಾರುವಂತಿಲ್ಲ. ಭಾರತೀಯ ಮಾನಕ ಬ್ಯೂರೋದ ಚಿಹ್ನೆ, ಪರಿಶುದ್ಧತೆಯ ಅಂಕಿ ಹಾಗೂ ಈ ಸಂಖ್ಯೆ, ಈ ಮೂರೂ ಆಭರಣದ ಮೇಲೆ ಇರಬೇಕು. ಬ್ಯೂರೋದ ಮೊಬೈಲ್ ತಂತ್ರಾಂಶದಲ್ಲಿ ಸಂಖ್ಯೆಯನ್ನು ನಮೂದಿಸಿ ಪರೀಕ್ಷಿಸಬಹುದು. ಪರಿಶುದ್ಧತೆಯ ಬಗ್ಗೆ ಹೀಗೆ ಸಾಕಷ್ಟು ರಕ್ಷಣೆ ಇದೆ. ಆದರೆ ಮಜೂರಿ ಮತ್ತು ವೇಸ್ಟೇಜ್ ಎಂದು ಸೇರಿಸುವ ಮೊತ್ತಕ್ಕೆ ಸರ್ಕಾರವು ಮಿತಿ ಹಾಕಿಲ್ಲ. ಅದು ಅಂಗಡಿಯಿಂದ ಅಂಗಡಿಗೆ ಬೇರೆಯಾಗುತ್ತದೆ.

20 ಗ್ರಾಂ ತೂಕದ ಒಂದು ಸರವನ್ನು ಕೊಳ್ಳಲು ಹೊರಟ ಕುಟುಂಬವನ್ನು ಗಮನಿಸೋಣ. ಪತ್ರಿಕೆಯಲ್ಲಿ ಅಂದಿನ ದರ ನೋಡಿ, ಗ್ರಾಂಗೆ 10 ರೂಪಾಯಿ ಕಡಿಮೆ ಇರುವ ಅಂಗಡಿಯನ್ನು ಹುಡುಕಿಕೊಂಡು ಮಲ್ಲೇಶ್ವರದಿಂದ ನಗರ್ತಪೇಟೆಯವರೆಗೆ ಹೋಗುತ್ತಾರೆ. ಉಳಿಯುವುದು 200 ರೂಪಾಯಿ. ಅದೇ ಸರಕ್ಕೆ ಒಂದು ಅಂಗಡಿಯಲ್ಲಿ ಶೇಕಡಾ 12, ಇನ್ನೊಂದರಲ್ಲಿ ಶೇಕಡಾ 18 ವೇಸ್ಟೇಜ್ ಹಾಕಿದರೆ ವ್ಯತ್ಯಾಸವು 1.2 ಗ್ರಾಂ ಚಿನ್ನದ ಬೆಲೆಗೆ ಸಮ. ಇದು ಸಾವಿರಾರು ರೂಪಾಯಿಗಳ ವಿಷಯ. ಮುಂದೆ ಈ ಸರವನ್ನು ಬದಲಾಯಿಸಲು ಹೋದಾಗ ಅಂಗಡಿಯವರು 20 ಗ್ರಾಂಗೆ ಮಾತ್ರ ಬೆಲೆ ಕಟ್ಟುತ್ತಾರೆ, ವೇಸ್ಟೇಜಿಗೆ ಕೊಟ್ಟ ಹಣ ಮರಳಿ ಬರುವುದಿಲ್ಲ. ಕಲ್ಲು ಹರಳುಗಳಿದ್ದಲ್ಲಿ ಅವುಗಳ ತೂಕವನ್ನು ಚಿನ್ನದ ತೂಕದಿಂದ ಕಳೆದು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸುವಂತೆ ಕೇಳಬೇಕು. ಅಂದಾಜು ಚೀಟಿಯನ್ನು ಬಿಲ್ಲು ಎಂದು ಸ್ವೀಕರಿಸಬಾರದು.

ಕಂತಿನ ಖರೀದಿ

ಬಡ್ಡಿ ಇಲ್ಲದ ಕಂತು ಎಂಬ ಜಾಹೀರಾತುಗಳು ಈಗ ಎಲ್ಲೆಡೆ ಕಾಣುತ್ತವೆ. ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್ ತಿಂಗಳಲ್ಲಿಯೇ ಶೂನ್ಯ ಬಡ್ಡಿ ಎಂಬುದು ಅಸ್ತಿತ್ವದಲ್ಲಿಲ್ಲದ ಪರಿಕಲ್ಪನೆ ಎಂದು ಬ್ಯಾಂಕುಗಳಿಗೆ ತಿಳಿಸಿತ್ತು. ಸಾಮಾನ್ಯವಾಗಿ ಬಡ್ಡಿಯು ಸಂಸ್ಕರಣಾ ಶುಲ್ಕದ ರೂಪದಲ್ಲಾಗಲಿ, ನಗದು ಖರೀದಿಗೆ ಸಿಗುತ್ತಿದ್ದ ರಿಯಾಯಿತಿ ತಪ್ಪುವ ರೂಪದಲ್ಲಾಗಲಿ ಅಡಗಿರುತ್ತದೆ. ಆದ್ದರಿಂದ ಪೂರ್ತಿ ಹಣವನ್ನು ಈಗಲೇ ಕೊಟ್ಟರೆ ಬೆಲೆ ಎಷ್ಟು ಎಂದು ಮೊದಲು ಕೇಳಬೇಕು. ಅದಕ್ಕೂ ಕಂತುಗಳ ಒಟ್ಟು ಮೊತ್ತಕ್ಕೂ ಇರುವ ಅಂತರವೇ ಬಡ್ಡಿ.

ಬಡ್ಡಿ ಇದೆ ಎಂದು ಒಪ್ಪಿಕೊಂಡು ಕೊಡುವ ಸಾಲದಲ್ಲಿಯೂ ಒಂದು ಅಂಶ ಮರೆಯಾಗಿರುತ್ತದೆ. 12,000 ರೂಪಾಯಿ ಸಾಲಕ್ಕೆ ಶೇಕಡಾ 10ರ ನೇರ ಬಡ್ಡಿ, ಹನ್ನೆರಡು ಕಂತು ಎಂದರೆ ತಿಂಗಳಿಗೆ 1,100 ರೂಪಾಯಿಯಂತೆ ಒಟ್ಟು 13,200 ರೂಪಾಯಿ ಕಟ್ಟಬೇಕು. ಮೇಲ್ನೋಟಕ್ಕೆ ಬಡ್ಡಿ ಶೇಕಡಾ 10. ಆದರೆ ಸಾಲಗಾರರು ಪ್ರತಿ ತಿಂಗಳೂ ಅಸಲಿನ ಒಂದು ಭಾಗವನ್ನು ಹಿಂದಿರುಗಿಸುತ್ತಿದ್ದರೂ ಬಡ್ಡಿಯನ್ನು ಮಾತ್ರ ಕೊನೆಯವರೆಗೆ ಪೂರ್ತಿ 12,000 ರೂಪಾಯಿಗೆ ಹಾಕಲಾಗಿದೆ. ಉಳಿದಿರುವ ಅಸಲಿಗೆ ಮಾತ್ರ ಬಡ್ಡಿ ಲೆಕ್ಕ ಹಾಕಿದರೆ ಇದು ತಿಂಗಳಿಗೆ ಶೇಕಡಾ ಒಂದೂವರೆ, ವರ್ಷಕ್ಕೆ ಶೇಕಡಾ 18 ಆಗುತ್ತದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹಾಗೂ ಬ್ಯಾಂಕೇತರ ಹಣಕಾಸು ಕಂಪನಿಗಳು ಚಿಲ್ಲರೆ ಸಾಲಗಳಿಗೆ ಮುಖ್ಯಾಂಶಗಳ ವಿವರಣಾ ಪತ್ರವನ್ನು ಕೊಡುವುದು ಕಡ್ಡಾಯವಾಗಿದೆ. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವು ಅದರಲ್ಲಿ ಇರತಕ್ಕದ್ದು. ಸಹಿ ಮಾಡುವ ಮೊದಲು ಈ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಿ ಪಡೆಯಬೇಕು.

ಔಷಧಿ

ಹಿರಿಯ ನಾಗರಿಕರಿರುವ ಮನೆಗಳಲ್ಲಿ ರಕ್ತದೊತ್ತಡ ಮತ್ತು ಮಧುಮೇಹದ ಮಾತ್ರೆಗಳು ತಿಂಗಳ ಖರ್ಚಿನ ದೊಡ್ಡ ಬಾಬತ್ತುಗಳಲ್ಲೊಂದು. ಔಷಧಿಯ ಪಟ್ಟಿಯ ಮೇಲೆ ಬ್ರಾಂಡಿನ ಹೆಸರಲ್ಲದೆ ಅದರ ಮೂಲ ಹೆಸರೂ ಮುದ್ರಿತವಾಗಿರುತ್ತದೆ. ಆ ಮೂಲ ಹೆಸರನ್ನು ಬರೆದುಕೊಂಡು ಹೋದಲ್ಲಿ ಜನೌಷಧಿ ಕೇಂದ್ರಗಳಲ್ಲಿ ಅದೇ ಔಷಧಿಯು ಬಹಳಷ್ಟು ಸಂದರ್ಭಗಳಲ್ಲಿ ಅರ್ಧ ಅಥವಾ ಅದಕ್ಕೂ ಕಡಿಮೆ ಬೆಲೆಗೆ ದೊರೆಯುತ್ತದೆ. ದಿನನಿತ್ಯ ಸೇವಿಸುವ ಮಾತ್ರೆಯನ್ನು ಬದಲಾಯಿಸುವ ಮುನ್ನ ವೈದ್ಯರಿಗೆ ತಿಳಿಸುವುದು ಅವಶ್ಯಕ.

ಚೀಟಿ ಮತ್ತು ಠೇವಣಿ

ಮೇಲೆ ಹೇಳಿದ ಎಲ್ಲ ಬಾಬತ್ತುಗಳಲ್ಲಿ ತಪ್ಪಿದರೆ ನಷ್ಟವು ನೂರು ಅಥವಾ ಸಾವಿರದ ಲೆಕ್ಕದಲ್ಲಿರುತ್ತದೆ. ಉಳಿತಾಯವನ್ನು ಎಲ್ಲಿ ಇಡಬೇಕು ಎಂಬ ತೀರ್ಮಾನದಲ್ಲಿ ತಪ್ಪಿದರೆ ಜೀವಮಾನದ ದುಡಿಮೆಯೇ ಹೋಗಬಹುದು. ಆದ್ದರಿಂದ ಈ ಭಾಗವನ್ನು, ವಿಶೇಷವಾಗಿ ನಿವೃತ್ತರು, ಗಮನವಿಟ್ಟು ಓದಬೇಕೆಂದು ಕೋರಲಾಗಿದೆ.

ನೆರೆಹೊರೆಯವರು ಸೇರಿ ನಡೆಸುವ ಚೀಟಿ ನಮ್ಮಲ್ಲಿ ಹಳೆಯ ಪದ್ಧತಿ. ಚಿಟ್ ಫಂಡ್ ಅಧಿನಿಯಮ, 1982ರ ಪ್ರಕಾರ ಚೀಟಿ ಪ್ರಾರಂಭಿಸುವ ಮೊದಲು ಸರ್ಕಾರದ ಪೂರ್ವಾನುಮತಿ ಪಡೆಯಬೇಕು, ಒಪ್ಪಂದವನ್ನು ಚೀಟಿಗಳ ರಿಜಿಸ್ಟ್ರಾರರಲ್ಲಿ ನೋಂದಾಯಿಸಬೇಕು, ಭದ್ರತಾ ಠೇವಣಿ ಇಡಬೇಕು ಮತ್ತು ಪ್ರತಿಯೊಬ್ಬ ಸದಸ್ಯರಿಗೂ ಒಪ್ಪಂದದ ಪ್ರತಿಯನ್ನು ಕೊಡಬೇಕು. ಚೀಟಿ ನಡೆಸುವವರ ಕಮಿಷನ್ 2019ರ ತಿದ್ದುಪಡಿಯ ನಂತರ ಗರಿಷ್ಠ ಶೇಕಡಾ 7. ರಾಜ್ಯ ಸರ್ಕಾರದ ಉದ್ಯಮವಾದ ಎಂಎಸ್‌ಐಎಲ್ ಸಹ ಚೀಟಿ ವ್ಯವಹಾರ ನಡೆಸುತ್ತಿದೆ. ನೋಂದಣಿ ಇಲ್ಲದ ಚೀಟಿಗೆ ಹಣ ಕಟ್ಟಿದವರಿಗೆ ಹೆಚ್ಚೆಂದರೆ ನೋಟುಪುಸ್ತಕದಲ್ಲಿ ಬರೆದ ಸಹಿಯೊಂದು ಉಳಿದಿರುತ್ತದೆ. ಪರಿಚಿತರು, ಒಂದೇ ಬೀದಿಯವರು, ದೇವಸ್ಥಾನದಲ್ಲಿ ದಿನವೂ ಕಾಣುವವರು ಎಂಬ ಕಾರಣಕ್ಕೆ ಕಾಗದ ಕೇಳಲು ಹಿಂಜರಿಯುವುದನ್ನು ಕಾಣಬಹುದು. ನಂಬಿಕೆ ಇರುವಲ್ಲಿ ಕಾಗದ ಕೊಡಲು ಯಾರಿಗೂ ಅಡ್ಡಿ ಇರಬೇಕಾಗಿಲ್ಲ.

ಸಹಕಾರ ಸಂಸ್ಥೆಗಳೊಂದಿಗೆ ಹಳೆಯ ಬೆಂಗಳೂರಿನ ಸಂಬಂಧ ನಿಕಟವಾದುದು. ರಾಜ್ಯ ಸಹಕಾರ ಅಪೆಕ್ಸ್ ಬ್ಯಾಂಕ್ 1915ರಲ್ಲಿ ಸ್ಥಾಪನೆಯಾಗಿದ್ದು ಅದರ ಕೇಂದ್ರ ಕಚೇರಿ ಚಾಮರಾಜಪೇಟೆಯಲ್ಲಿದೆ. ಮನೆಯ ಹತ್ತಿರದ ಸಹಕಾರ ಬ್ಯಾಂಕಿನಲ್ಲಿ ಹೆಸರು ಹಿಡಿದು ಮಾತನಾಡಿಸುವ ಸಿಬ್ಬಂದಿ ಇರುತ್ತಾರೆ, ಹಿರಿಯರಿಗೆ ಕುರ್ಚಿ ಕೊಟ್ಟು ಕೂರಿಸುತ್ತಾರೆ, ಬಡ್ಡಿಯೂ ಸ್ವಲ್ಪ ಹೆಚ್ಚು. ಈ ಕಾರಣಗಳಿಂದ ಬಹಳಷ್ಟು ನಿವೃತ್ತರು ತಮ್ಮ ನಿವೃತ್ತಿ ಹಣವನ್ನು ಅಲ್ಲಿಯೇ ಇಡುತ್ತಾ ಬಂದಿದ್ದಾರೆ.

2020ರ ಜನವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಬಸವನಗುಡಿ ಭಾಗದ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧಗಳನ್ನು ವಿಧಿಸಿತು. ಹೊಸ ಠೇವಣಿ ಸ್ವೀಕರಿಸುವಂತಿಲ್ಲ, ಹೊಸ ಸಾಲ ಕೊಡುವಂತಿಲ್ಲ, ಖಾತೆಯಲ್ಲಿ ಎಷ್ಟೇ ಹಣವಿದ್ದರೂ ಪ್ರತಿ ಠೇವಣಿದಾರರು 35,000 ರೂಪಾಯಿಯವರೆಗೆ ಮಾತ್ರ ಪಡೆಯಬಹುದು ಎಂದು ಆದೇಶಿಸಲಾಯಿತು. ನಿರ್ಬಂಧಗಳನ್ನು ನಂತರ ಪದೇ ಪದೇ ವಿಸ್ತರಿಸಲಾಯಿತು. ಬಡ್ಡಿಯಿಂದಲೇ ತಿಂಗಳ ಖರ್ಚು, ಔಷಧಿ, ಬಾಡಿಗೆ ನಡೆಸುತ್ತಿದ್ದ ಹಿರಿಯರು ಇದ್ದಕ್ಕಿದ್ದಂತೆ ಕೈಬರಿದಾದರು. ಇವರಲ್ಲಿ ಅನೇಕರು ದುಂದುಗಾರರಲ್ಲ, ಜೀವಮಾನವಿಡೀ ಲೆಕ್ಕ ಬರೆದಿಟ್ಟು ಉಳಿಸಿದವರು.

ಆ ಸಮಯದಲ್ಲಿ ಠೇವಣಿ ವಿಮೆಯ ಮಿತಿಯು 1 ಲಕ್ಷ ರೂಪಾಯಿ ಇತ್ತು. 2020ರ ಫೆಬ್ರವರಿ 4ರಿಂದ ಅದನ್ನು 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದ 90 ದಿನಗಳೊಳಗೆ ವಿಮಾ ಹಣವನ್ನು ಠೇವಣಿದಾರರಿಗೆ ತಲುಪಿಸಬೇಕೆಂಬ ತಿದ್ದುಪಡಿ 2021ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿತು. 5 ಲಕ್ಷದೊಳಗಿನ ಠೇವಣಿದಾರರಿಗೆ ಇದರಿಂದ ಆಸರೆಯಾಯಿತು. ಅದಕ್ಕಿಂತ ಹೆಚ್ಚು ಹಣವನ್ನು ಒಂದೇ ಬ್ಯಾಂಕಿನಲ್ಲಿ ಇಟ್ಟಿದ್ದವರಿಗೆ ಉಳಿದ ಮೊತ್ತಕ್ಕೆ ವಿಮೆಯ ರಕ್ಷಣೆ ಇರಲಿಲ್ಲ.

ಇಲ್ಲಿಯೂ ಮರೆಯಾದ ಬೆಲೆಯೊಂದಿದೆ. 10 ಲಕ್ಷ ರೂಪಾಯಿ ಠೇವಣಿಗೆ ಬೇರೆಡೆಗಿಂತ ಶೇಕಡಾ 2 ಹೆಚ್ಚು ಬಡ್ಡಿ ದೊರೆತರೆ ವರ್ಷಕ್ಕೆ 20,000 ರೂಪಾಯಿ ಲಾಭ. ವಿಮೆಯ ಮಿತಿ ಮೀರಿದ 5 ಲಕ್ಷ ರೂಪಾಯಿ ಕೈತಪ್ಪಿದಲ್ಲಿ ಅದನ್ನು ಈ ಹೆಚ್ಚುವರಿ ಬಡ್ಡಿಯಿಂದ ತುಂಬಿಕೊಳ್ಳಲು 25 ವರ್ಷಗಳು ಬೇಕು. ಅರವತ್ತೈದು ವರ್ಷದ ಠೇವಣಿದಾರರಿಗೆ ಇದು ಮಾಡಬಹುದಾದ ಲೆಕ್ಕವಲ್ಲ.

ಠೇವಣಿ ಇಡುವ ಮುನ್ನ ನಾಗರಿಕರು ಖಚಿತಪಡಿಸಿಕೊಳ್ಳಬೇಕಾದ ಮೊದಲ ವಿಷಯವೆಂದರೆ, ಸಂಸ್ಥೆಯು ರಿಸರ್ವ್ ಬ್ಯಾಂಕಿನ ಪರವಾನಗಿ ಹೊಂದಿದ ಬ್ಯಾಂಕೇ ಅಥವಾ ಪತ್ತಿನ ಸಹಕಾರ ಸಂಘವೇ ಎಂಬುದು. ಸಹಕಾರ ಬ್ಯಾಂಕುಗಳಿಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಹಾಗೂ 1997ರ ಕರ್ನಾಟಕ ಸೌಹಾರ್ದ ಸಹಕಾರಿ ಅಧಿನಿಯಮದಡಿ ನೋಂದಣಿಯಾದ ಪತ್ತಿನ ಸಹಕಾರಿಗಳಿಗೆ ಈ ವಿಮೆ ಅನ್ವಯಿಸುವುದಿಲ್ಲ. ಕೌಂಟರು, ಪಾಸ್‌ಪುಸ್ತಕ, ಲಾಕರು ಎಲ್ಲವೂ ಬ್ಯಾಂಕಿನಂತೆಯೇ ಇರುವುದರಿಂದ ನೋಡಿದ ಮಾತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ಕೇಳಿಯೇ ತಿಳಿಯಬೇಕು. ವಿಮೆಗೆ ಒಳಪಟ್ಟ ಬ್ಯಾಂಕುಗಳ ಪಟ್ಟಿಯು ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮದ ಜಾಲತಾಣದಲ್ಲಿ ಲಭ್ಯವಿದೆ.

5 ಲಕ್ಷ ರೂಪಾಯಿಯ ಮಿತಿಯು ಅಸಲು ಮತ್ತು ಬಡ್ಡಿ ಎರಡಕ್ಕೂ ಸೇರಿ, ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನ ಎಲ್ಲ ಶಾಖೆಗಳಿಗೂ ಸೇರಿ ಅನ್ವಯಿಸುತ್ತದೆ. ಗಾಂಧಿ ಬಜಾರ್ ಶಾಖೆಯಲ್ಲಿ ಅರ್ಧ, ಮಲ್ಲೇಶ್ವರ ಶಾಖೆಯಲ್ಲಿ ಅರ್ಧ ಇಟ್ಟ ಮಾತ್ರಕ್ಕೆ ರಕ್ಷಣೆ ಎರಡು ಪಟ್ಟಾಗುವುದಿಲ್ಲ. ಬೇರೆ ಬೇರೆ ಬ್ಯಾಂಕುಗಳಲ್ಲಿ ಇಟ್ಟರೆ ಪ್ರತಿಯೊಂದಕ್ಕೂ ಪ್ರತ್ಯೇಕ ರಕ್ಷಣೆ ಇರುತ್ತದೆ. ಜಂಟಿ ಖಾತೆಯನ್ನು ಬೇರೆ ಹಕ್ಕಿನ ಖಾತೆಯೆಂದು ಪರಿಗಣಿಸಲಾಗುತ್ತದೆ. ಪತಿ ಪತ್ನಿಯರ ಹೆಸರುಗಳ ಕ್ರಮ ಬದಲಾದ ಎರಡು ಜಂಟಿ ಖಾತೆಗಳಿಗೂ ಪ್ರತ್ಯೇಕವಾಗಿಯೇ ವಿಮೆ ದೊರೆಯುತ್ತದೆ. ಅಂಚೆ ಕಚೇರಿಯ ಉಳಿತಾಯ ಯೋಜನೆಗಳಿಗೆ ಕೇಂದ್ರ ಸರ್ಕಾರದ ಖಾತರಿ ಇದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿಯನ್ನು 2023ರ ಏಪ್ರಿಲ್‌ನಿಂದ 30 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಯಾವುದೇ ಖಾತೆಯಾಗಿರಲಿ, ನಾಮನಿರ್ದೇಶನ ಮಾಡಿರುವುದನ್ನು ಮನೆಯವರಿಗೆ ತಿಳಿಸಿರಬೇಕು. ಖಾತೆ ಇರುವುದೇ ಗೊತ್ತಿಲ್ಲದ ವಾರಸುದಾರರಿಗೆ ಯಾವ ಕಾನೂನೂ ನೆರವಾಗಲಾರದು.

ಬ್ಯಾಂಕೂ ಅಲ್ಲದ, ಸಹಕಾರ ಸಂಘವೂ ಅಲ್ಲದ ಸಂಸ್ಥೆಗಳು ತಿಂಗಳಿಗೆ ಶೇಕಡಾ 3 ಅಥವಾ 4 ಕೊಡುವುದಾಗಿ ಹೇಳಿ ಹಣ ಸಂಗ್ರಹಿಸುವುದು ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಅಧಿನಿಯಮ, 2019ರ ಅಡಿ ಅಪರಾಧವಾಗಬಹುದಾಗಿದೆ. ವಂಚನೆಗೆ ಒಳಗಾದವರಿಗಾಗಿ 2004ರ ಕರ್ನಾಟಕ ಹಣಕಾಸು ಸಂಸ್ಥೆಗಳ ಠೇವಣಿದಾರರ ಹಿತಾಸಕ್ತಿ ಸಂರಕ್ಷಣಾ ಅಧಿನಿಯಮವೂ ಇದೆ. ಆದರೆ ಆಸ್ತಿ ಮುಟ್ಟುಗೋಲು, ಹರಾಜು, ಹಂಚಿಕೆ ಇವೆಲ್ಲ ವರ್ಷಗಳ ಕೆಲಸವೆಂಬುದನ್ನು ಗಮನದಲ್ಲಿಡಬೇಕು.

ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವಾಗ

ಆದಾಯ ಪ್ರಮಾಣಪತ್ರ, ಪಡಿತರ ಚೀಟಿ, ಪಿಂಚಣಿ, ಖಾತೆ ಬದಲಾವಣೆ ಮುಂತಾದ ಸೇವೆಗಳಿಗೆ ಕಚೇರಿಯ ಹೊರಗೆ ಕುಳಿತ ಮಧ್ಯವರ್ತಿಗಳಿಗೆ ಕೊಡುವ ಹಣವೂ ತಪ್ಪಿಸಬಹುದಾದ ಖರ್ಚುಗಳಲ್ಲೊಂದು. ಸೇವೆಯ ನಿಗದಿತ ಶುಲ್ಕವನ್ನು ಕೌಂಟರಿನಲ್ಲಿ ಕಟ್ಟಿ ರಸೀದಿ ಪಡೆಯತಕ್ಕದ್ದು. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಸಕಾಲ ಯೋಜನೆಯಡಿ ಅರ್ಜಿದಾರರಿಗೆ ಸ್ವೀಕೃತಿ ಸಂಖ್ಯೆ ನೀಡಲಾಗುತ್ತದೆ. ಸೇವೆ ಎಷ್ಟು ದಿನಗಳಲ್ಲಿ ದೊರೆಯಬೇಕೆಂಬುದು ಪೂರ್ವನಿಗದಿತವಾಗಿದ್ದು, ವಿಳಂಬವಾದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರಕ್ಕೆ ಅವಕಾಶವಿದೆ. ಮೊತ್ತ ಸಣ್ಣದು, ನಿಜ. ಆದರೆ ಸ್ವೀಕೃತಿ ಸಂಖ್ಯೆ ಕೈಯಲ್ಲಿರುವ ಅರ್ಜಿದಾರರಿಗೆ ತಮ್ಮ ಕಡತ ಎಲ್ಲಿದೆ ಎಂದು ತಿಳಿಯಲು ಮತ್ತೊಬ್ಬರಿಗೆ ಹಣ ಕೊಡುವ ಪ್ರಮೇಯ ಬರುವುದಿಲ್ಲ. ಆಧಾರ್ ಹೊಸ ನೋಂದಣಿ ಉಚಿತವಾಗಿದೆ.

ದೂರು ಸಲ್ಲಿಸುವ ವಿಧಾನ

ತೂಕದಲ್ಲಿ ಕಡಿಮೆ, ಗರಿಷ್ಠ ಮಾರಾಟ ಬೆಲೆಗಿಂತ ಹೆಚ್ಚು ವಸೂಲಿ ಹಾಗೂ ಪೊಟ್ಟಣದ ಮೇಲೆ ವಿವರಗಳಿಲ್ಲದಿರುವ ಬಗ್ಗೆ ಕಾನೂನು ಮಾಪನ ಶಾಸ್ತ್ರ ಇಲಾಖೆಗೆ ದೂರು ನೀಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ದೂರು ದಾಖಲಿಸಬಹುದು. ಅಲ್ಲಿ ಬಗೆಹರಿಯದಿದ್ದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆಯು 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. 5 ಲಕ್ಷ ರೂಪಾಯಿಯವರೆಗೆ ಯಾವುದೇ ಶುಲ್ಕವಿಲ್ಲ. ವಕೀಲರ ನೇಮಕ ಕಡ್ಡಾಯವಲ್ಲ. ಅಂಗಡಿ ಎಲ್ಲೇ ಇರಲಿ, ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದಾಗಿದೆ.

ದೂರನ್ನು ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ದೂರಿನೊಂದಿಗೆ ಬಿಲ್ಲು ಅಥವಾ ರಸೀದಿ, ಪೊಟ್ಟಣದ ಮೇಲಿನ ವಿವರಗಳ ಛಾಯಾಚಿತ್ರ, ಮಾರಾಟಗಾರರೊಂದಿಗೆ ನಡೆಸಿದ ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸಬೇಕು. ಉಷ್ಣ ಕಾಗದದ ಮೇಲೆ ಮುದ್ರಿಸಿದ ಬಿಲ್ಲುಗಳ ಅಕ್ಷರಗಳು ಕೆಲವು ತಿಂಗಳಲ್ಲಿಯೇ ಮಾಸಿಹೋಗುವುದರಿಂದ ಬೆಲೆಬಾಳುವ ವಸ್ತುಗಳ ಬಿಲ್ಲುಗಳನ್ನು ಕೊಂಡ ದಿನವೇ ನಕಲು ಮಾಡಿಸಿ ಇಟ್ಟುಕೊಳ್ಳುವುದು ಸೂಕ್ತ.